ಒಂದೇ ಮಾಡಿನಡಿ ಕಣ, ಕಣಜ, ಕೊಟ್ಟಿಗೆ: ಪೆನ್ಸಿಲ್ವೇನಿಯಾದ ಹಳೆಯ ಬಾರ್ನ್‌ಗಳು

ಪೆನ್ಸಿಲ್ವೇನಿಯಾದ ಬಾರ್ನ್ ಎಂದರೆ ಒಂದು ರೈತ ಕುಟುಂಬದ ಕಣ, ಕಣಜ, ಕೊಟ್ಟಿಗೆ, ಬಣವೆ ನಾಲ್ಕೂ ಒಂದೇ ಮಾಡಿನ ಕೆಳಗೆ ಸೇರಿದ ಎರಡಂತಸ್ತಿನ ಕಟ್ಟಡ. ಅಮೆರಿಕದ ಈ ರಾಜ್ಯದ ಆಗ್ನೇಯ ಭಾಗದಲ್ಲಿ, ಲ್ಯಾಂಕಾಸ್ಟರ್, ಬರ್ಕ್ಸ್, ಲೆಬನಾನ್, ಯಾರ್ಕ್ ಕೌಂಟಿಗಳ ಏರಿಳಿತದ ಹೊಲಗಳ ನಡುವೆ ಇಂಥವು ಇಂದಿಗೂ ಸಾವಿರಗಟ್ಟಲೆ ನಿಂತಿವೆ. ದೊಡ್ಡವು 60ರಿಂದ 100 ಅಡಿ ಉದ್ದ, 40 ಅಡಿಯಷ್ಟು ಅಗಲ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಮನೆಗಿಂತ ಮೊದಲು ಬೀಳುವುದು ಇವೇ. ಹಳೆಯ ಬಾರ್ನ್‌ಗಳನ್ನು ನೋಡಿಬರಲೆಂದೇ ಅಲ್ಲಿ ಪ್ರವಾಸಗಳು ಏರ್ಪಡುತ್ತವೆ. ದೇಗುಲದಲ್ಲಿ ಕೆತ್ತನೆ ಹುಡುಕುವ ಹಾಗೆ ಇಲ್ಲಿ ಬಂದವರು ಹುಡುಕುವುದು ಕೆಲಸದ ಗುರುತುಗಳನ್ನು: ಬಡಿದು ಬಡಿದು ನುಣುಪಾದ ನೆಲದ ಹಲಗೆ, ಹಗ್ಗ ಉಜ್ಜಿ ಸವೆದ ತೊಲೆ, ಕಣಜದ ಬಾಗಿಲ ಮೇಲೆ ಸೀಸದಕಡ್ಡಿಯಲ್ಲಿ ಎಳೆದ ಲೆಕ್ಕದ ಗೀಟು.

ನಾಲ್ಕನ್ನೂ ಒಂದೇ ಸೂರಿನಡಿ ತರುವ ಅಗತ್ಯ ಯಾಕೆ ಬಂತು ಎನ್ನುವುದು ಕರ್ನಾಟಕದ ಸುಗ್ಗಿಯೊಂದಿಗೆ ಹೋಲಿಸಿದರೆ ಬೇಗ ತಿಳಿಯುತ್ತದೆ. ಬಯಲುಸೀಮೆಯ ರಾಗಿ, ಜೋಳ ಒಕ್ಕುವುದು ಮಳೆ ಹಿಂದಾದ ಮೇಲೆ, ಆಕಾಶ ಶುಭ್ರವಾಗಿರುವ ತಿಂಗಳುಗಳಲ್ಲಿ. ಸಗಣಿ ಸಾರಿಸಿದ ಬಯಲ ಕಣ ಸಾಕು; ಮೆದೆ, ಬಣವೆ ಹೊರಗೇ ಇರುತ್ತವೆ; ಕಾಳು ಮಾತ್ರ ಕಣಜಕ್ಕೋ ಹಗೇವಿಗೋ ಹೋಗುತ್ತದೆ. ಪೆನ್ಸಿಲ್ವೇನಿಯಾದಲ್ಲಿ ಗೋಧಿ, ರೈ ಕೊಯ್ಲಿಗೆ ಬರುವುದು ಬೇಸಗೆಯ ನಡುವೆ, ಜೂನ್ ಕೊನೆ ಮತ್ತು ಜುಲೈನಲ್ಲಿ. ಅಲ್ಲಿ ಬೇಸಗೆಯೆಂದರೆ ಗುಡುಗು ಮಳೆಯ ಕಾಲವೂ ಹೌದು. ಕೊಯ್ದ ಸಿವುಡುಗಳನ್ನು ತೆನೆಸಮೇತ ಒಳಗೆ ಸೇರಿಸಿಬಿಟ್ಟು, ಹೊಲದ ಕೆಲಸ ನಿಂತ ಚಳಿಗಾಲದಲ್ಲಿ ನಿಧಾನವಾಗಿ ಒಕ್ಕಬೇಕು. ಹಿಮ ಬಿದ್ದಾಗ ದನ ಮೇಯಲು ಹೊರಗೆ ಹೋಗುವಂತಿಲ್ಲ, ಅವುಗಳ ನಾಲ್ಕೈದು ತಿಂಗಳ ಹುಲ್ಲೂ ಕೈಗೆಟುಕುವಲ್ಲೇ ಇರಬೇಕು. ಹೀಗೆ ಒಕ್ಕುವ ನೆಲ ಕಟ್ಟಡದೊಳಗಿನ ಕಣವಾಯಿತು. ಅದರ ಅಕ್ಕಪಕ್ಕ ಹುಲ್ಲು, ಸಿವುಡು. ಕೆಳಗೆ ದನ, ಕುದುರೆ.

ಈ ಕಟ್ಟಡವನ್ನು ಅಲ್ಲಿಗೆ ತಂದವರು ಜರ್ಮನ್ ಮಾತಾಡುವ ವಲಸಿಗರು. ವಿಲಿಯಂ ಪೆನ್‌ಗೆ 1681ರಲ್ಲಿ ಇಂಗ್ಲೆಂಡಿನ ದೊರೆಯಿಂದ ಈ ನೆಲದ ಸನ್ನದು ಸಿಕ್ಕಿತು. ಧರ್ಮದ ಕಾರಣಕ್ಕೆ ಯಾರನ್ನೂ ಹಿಂಸಿಸದ ನಾಡು ಇದೆಂಬ ಮಾತು ರೈನ್ ನದಿಯ ಕಣಿವೆಗೆ, ಸ್ವಿಟ್ಜರ್ಲೆಂಡಿಗೆ ಮುಟ್ಟಿತು. 1683ರಲ್ಲಿ ಫಿಲಡೆಲ್ಫಿಯಾದ ಪಕ್ಕದಲ್ಲಿ ಜರ್ಮನ್‌ಟೌನ್ ಹುಟ್ಟಿತು. 1710ರ ಹೊತ್ತಿಗೆ ಮೆನೊನೈಟ್ ಎಂಬ ಕ್ರೈಸ್ತ ಪಂಥದ ಕುಟುಂಬಗಳು ಲ್ಯಾಂಕಾಸ್ಟರಿನ ಸುಣ್ಣಕಲ್ಲಿನ ಫಲವತ್ತು ನೆಲದಲ್ಲಿ ಬೇರೂರಿದವು. ಕೆಲವು ದಶಕಗಳ ನಂತರ ಅಂಥದೇ ಇನ್ನೊಂದು ಪಂಥವಾದ ಆಮಿಶ್ ಜನರೂ ಬಂದರು. ಮೊದಲ ತಲೆಮಾರಿನ ಬಾರ್ನ್‌ಗಳು ಚಿಕ್ಕವು. ಕಾಡು ಕಡಿದ ದಿಮ್ಮಿಗಳನ್ನೇ ಒಂದರ ಮೇಲೊಂದು ಪೇರಿಸಿದ ಗೋಡೆ, ಮೇಲೆ ರೈ ಹುಲ್ಲಿನ ಹೊದಿಕೆ. 1798ರಲ್ಲಿ ಅಮೆರಿಕದ ಸರ್ಕಾರ ನೇರ ತೆರಿಗೆಗಾಗಿ ಮನೆಮಠಗಳ ಪಟ್ಟಿ ಬರೆಸಿದಾಗ ಬಾರ್ನ್‌ಗಳ ಅಳತೆಯೂ ದಾಖಲಾಯಿತು. ಆಗಲೂ ದಿಮ್ಮಿಯವೇ ಬಹಳ, ಕಲ್ಲಿನವು ಅನುಕೂಲಸ್ಥರವು.

ಆದರೂ ಆ ಜನರ ಆದ್ಯತೆ ಯಾವುದೆಂದು ಹೊರಗಿನವರಿಗೆ ಬೇಗ ಗೊತ್ತಾಗುತ್ತಿತ್ತು. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದವರಲ್ಲೊಬ್ಬನಾದ ಫಿಲಡೆಲ್ಫಿಯಾದ ವೈದ್ಯ ಬೆಂಜಮಿನ್ ರಶ್ 1789ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್ನರ ರೀತಿನೀತಿ ಕುರಿತು ಒಂದು ಪ್ರಬಂಧ ಬರೆದ. ಜರ್ಮನ್ ರೈತರು ಹೊಸ ಜಾಗದಲ್ಲಿ ನೆಲೆಸಿದಾಗ ಮನೆಗೆ ದುಡ್ಡು ಸುರಿಯುವ ಮುಂಚೆ ದನಕುದುರೆಗಳಿಗೆ ನೆಲೆ ಮಾಡುತ್ತಾರೆ, ಬಾರ್ನ್ ನೋಡಿಯೇ ಜಮೀನು ಯಾರದೆಂದು ಹೇಳಬಹುದು ಎಂಬುದು ಅವನ ಗಮನಿಕೆ. ಮಗ ಕಟ್ಟಿದ ಬಾರ್ನ್ ಕಲ್ಲಿನದು, ಅಪ್ಪನ ಮನೆ ಇನ್ನೂ ದಿಮ್ಮಿಯದೇ ಎನ್ನುವಂಥ ಜಮೀನುಗಳು ಅಂದು ಅಪರೂಪವಾಗಿರಲಿಲ್ಲ.

ಪೆನ್ಸಿಲ್ವೇನಿಯಾ ಬಾರ್ನಿನ ಜಾಣ್ಮೆಯೆಲ್ಲ ಇಳಿಜಾರಿನಲ್ಲಿದೆ. ದಿನ್ನೆಯ ಪಕ್ಕೆಯನ್ನು ಅಗೆದು ಕಟ್ಟಡವನ್ನು ಅದಕ್ಕೆ ಒರಗಿಸುತ್ತಾರೆ. ದಿನ್ನೆಯ ಮೇಲ್ಬದಿಯಿಂದ ನಡೆದು ಬಂದರೆ ನೇರ ಮೇಲಂತಸ್ತಿನ ಕಣಕ್ಕೆ ಪ್ರವೇಶ. ಕೆಳಬದಿಯಿಂದ ಬಂದರೆ ಕೊಟ್ಟಿಗೆಯ ಬಾಗಿಲು. ಹುಲ್ಲು ತುಂಬಿದ ಗಾಡಿಯನ್ನು ಕುದುರೆಗಳು ಎಳೆದುಕೊಂಡು ಮೇಲಂತಸ್ತಿನ ಒಳಕ್ಕೇ ಬರುತ್ತವೆ, ಮೆಟ್ಟಿಲು ಹತ್ತಿ ಹೊರೆ ಹೊರುವ ಪಾಡಿಲ್ಲ. ನೆಲ ಚಪ್ಪಟೆಯಾಗಿದ್ದ ಕಡೆ ರೈತರು ಮಣ್ಣು ಕಲ್ಲು ತುಂಬಿ ಏರಿಯನ್ನೇ ಮಾಡಿಕೊಂಡರು. ಗಾಡಿಯಿಂದ ಇಳಿದ ಹುಲ್ಲು ಎಡಬಲದ ಎತ್ತರದ ಅಂಕಣಗಳಿಗೆ ಸೇರುತ್ತದೆ. ಚಳಿಗಾಲದಲ್ಲಿ ಅದೇ ಹುಲ್ಲನ್ನು ನೆಲದ ಕಂಡಿಯಿಂದ ಕೆಳಗೆ ತಳ್ಳಿದರೆ ಗೋದಲಿಯ ಹತ್ತಿರಕ್ಕೇ ಬೀಳುತ್ತದೆ. ಹೊರುವ ಕೆಲಸವನ್ನು ದಿನ್ನೆಯ ಎತ್ತರವೇ ಮಾಡಿಕೊಡುತ್ತದೆ. ದನಗಳ ಮೈಬಿಸಿ, ಮೇಲೆ ತುಂಬಿದ ಹುಲ್ಲಿನ ಹೊದಿಕೆ, ಬೆನ್ನಿಗೆ ದಿನ್ನೆಯ ಮಣ್ಣು ಮೂರೂ ಸೇರಿ ಕೊಟ್ಟಿಗೆಯನ್ನು ಬೆಚ್ಚಗಿಡುತ್ತವೆ.

ಇಳಿಜಾರಿಗೆ ಒರಗಿಸಿ ಕಟ್ಟುವ ಪದ್ಧತಿ ಇಂಗ್ಲೆಂಡಿನ ಕೆಲವು ಕಡೆಯೂ ಇತ್ತು. ಪೆನ್ಸಿಲ್ವೇನಿಯಾ ಬಾರ್ನಿಗೆ ಅದರದೇ ಮುಖ ಕೊಟ್ಟದ್ದು ಫೋರ್‌ಬೇ ಎಂಬ ಚಾಚು. ಕೆಳಬದಿಯ ಗೋಡೆಯನ್ನು ದಾಟಿ ಮೇಲಂತಸ್ತು ನಾಲ್ಕು ಅಡಿಯೋ ಆರು ಅಡಿಯೋ, ಕೆಲವೆಡೆ ಇನ್ನೂ ಹೆಚ್ಚೋ, ಕಂಬದ ಆಸರೆಯಿಲ್ಲದೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದರ ಕೆಳಗೆ ಕೊಟ್ಟಿಗೆಯ ಬಾಗಿಲುಗಳ ಸಾಲು. ಈ ಮುಖ ಸಾಮಾನ್ಯವಾಗಿ ದಕ್ಷಿಣಕ್ಕೋ ಆಗ್ನೇಯಕ್ಕೋ ತಿರುಗಿರುತ್ತದೆ. ಉತ್ತರದ ಗಾಳಿಗೆ ಕಟ್ಟಡವೇ ತಡೆ, ಚಳಿಗಾಲದ ತಗ್ಗಿದ ಬಿಸಿಲು ಚಾಚಿನ ಕೆಳಗೂ ಹೊಕ್ಕು ದನಗಳ ಮೈಗೆ ಬೀಳುತ್ತದೆ. ಚಾಚಿನ ಒಳಗೆ ಹೆಚ್ಚಾಗಿ ಕಾಳಿನ ಕಣಜ: ಒತ್ತಾಗಿ ಹಲಗೆ ಹೊಡೆದ ಸಣ್ಣ ಸಣ್ಣ ಗೂಡುಗಳು. ಅವುಗಳ ಬಾಯಿಗೆ ಹಲಗೆಗಳನ್ನು ಒಂದೊಂದಾಗಿ ಜಾರಿಸಿ ಕೂರಿಸುವುದು, ಕಾಳು ಖಾಲಿಯಾದ ಹಾಗೆ ಮೇಲಿನಿಂದ ತೆಗೆಯುವುದು. ಎಷ್ಟು ಚೀಲ ಒಳಗೆ ಬಂತು, ಎಷ್ಟು ಗಿರಣಿಗೆ ಹೋಯಿತು ಎಂಬ ಲೆಕ್ಕವನ್ನು ಗೂಡಿನ ಹಲಗೆಯ ಮೇಲೇ ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆದು ಬರೆದಿಡುತ್ತಿದ್ದರು. ಇಂಥ ಗೀಟುಗಳು ಹಲವು ಬಾರ್ನ್‌ಗಳಲ್ಲಿ ಇನ್ನೂ ಓದುವಷ್ಟು ಸ್ಪಷ್ಟವಾಗಿವೆ.

ಚಾಚು ಎಲ್ಲಿಂದ ಬಂತು ಎಂಬುದರ ಮೇಲೆ ವಿದ್ವಾಂಸರ ಚರ್ಚೆ ಬಹಳ ಕಾಲ ನಡೆಯಿತು. ಪೆನ್ಸಿಲ್ವೇನಿಯಾದಲ್ಲೇ ಹುಟ್ಟಿದ್ದು ಎಂದವರಿದ್ದರು. ಸಂಶೋಧಕ ರಾಬರ್ಟ್ ಎನ್ಸ್‌ಮಿಂಗರ್ ಸ್ವಿಟ್ಜರ್ಲೆಂಡಿನ ಗ್ರೌಬುಂಡೆನ್ ಪ್ರಾಂತ್ಯದ ಪ್ರೆಟ್ಟಿಗೌ ಕಣಿವೆಯಲ್ಲಿ ಅಲೆದು, ಅಲ್ಲಿನ ಹಳೆಯ ಬಾರ್ನ್‌ಗಳಲ್ಲಿ ಇದೇ ಚಾಚನ್ನು ಗುರುತಿಸಿದರು. 1992ರಲ್ಲಿ ಪ್ರಕಟವಾದ ಅವರ ‘ದ ಪೆನ್ಸಿಲ್ವೇನಿಯಾ ಬಾರ್ನ್’ ಈ ವಿಷಯದ ಮುಖ್ಯ ಗ್ರಂಥ. ಊರಿನವರ ಬಾಯಲ್ಲಿ ಹಳೆಯ ಮಾದರಿಯ ಹೆಸರು ಮೊದಲಿಂದಲೂ ‘ಸ್ವೈಟ್ಸರ್’, ಅಂದರೆ ಸ್ವಿಸ್, ಎಂದೇ ಇತ್ತು. ವಿದ್ವಾಂಸರು ಕಣಿವೆ ಕಣಿವೆ ಸುತ್ತಿ ಕಂಡುಕೊಂಡದ್ದನ್ನು ಆ ಹೆಸರು ತಲೆಮಾರುಗಳಿಂದ ಹೇಳುತ್ತಲೇ ಬಂದಿತ್ತು.

ಸ್ವೈಟ್ಸರ್ ಬಾರ್ನನ್ನು ಪಕ್ಕದಿಂದ ನೋಡಿದರೆ ಮಾಡಿನ ತ್ರಿಕೋನ ಎರಡೂ ಬದಿಗೆ ಸಮವಿಲ್ಲ. ಚಾಚಿನ ಕಡೆಯ ಇಳಿಜಾರು ಹೆಚ್ಚು ಉದ್ದ. ಸುಮಾರು 1790ರಿಂದ ಚಾಚನ್ನು ಮುಖ್ಯ ಮರಗೆಲಸದೊಳಗೇ ಸೇರಿಸಿ ಸಮ ತ್ರಿಕೋನದ ಮಾಡು ಕಟ್ಟುವ ರೂಢಿ ಬಂತು. ಈ ಹೊಸ ಮಾದರಿ ಮುಂದಿನ ನೂರು ವರ್ಷ ನಡೆಯಿತು. ಅಷ್ಟು ದೊಡ್ಡ ಕಟ್ಟಡಕ್ಕೆ ಹಣ ಕೊಟ್ಟದ್ದು ಗೋಧಿ. ಲ್ಯಾಂಕಾಸ್ಟರಿನ ರೈತರು ಕೊನೆಸ್ಟೋಗಾ ಎಂಬ ಭಾರಿ ಗಾಡಿಗಳಲ್ಲಿ ಹಿಟ್ಟು ಹೇರಿಕೊಂಡು ಫಿಲಡೆಲ್ಫಿಯಾಕ್ಕೆ ಹೋಗುತ್ತಿದ್ದರು. 1795ರ ಹೊತ್ತಿಗೆ ಜಲ್ಲಿ ಹಾಸಿದ ಸುಂಕದ ರಸ್ತೆ ಎರಡು ಊರುಗಳನ್ನು ಜೋಡಿಸಿತು. 1825ರಲ್ಲಿ ಈರಿ ಕಾಲುವೆ ತೆರೆದು ಪಶ್ಚಿಮದ ಅಗ್ಗದ ಗೋಧಿ ಪೂರ್ವದ ಪೇಟೆಗೆ ಬರತೊಡಗಿತು. ಪೆನ್ಸಿಲ್ವೇನಿಯಾದವರು ನಿಧಾನವಾಗಿ ದನ ಕೊಬ್ಬಿಸುವುದರತ್ತ, ಆಮೇಲೆ ಹೈನದತ್ತ ಹೆಚ್ಚು ವಾಲಿದರು. ಬಾರ್ನ್‌ಗೆ ಇದರಿಂದ ತೊಂದರೆಯಾಗಲಿಲ್ಲ. ಕೆಳಗಿನ ಕೊಟ್ಟಿಗೆ ಇನ್ನಷ್ಟು ತುಂಬಿತು, ಮುಂದಿನ ಅಂಗಳದಲ್ಲಿ ತಿಪ್ಪೆ ಬೆಳೆಯಿತು, ಗೊಬ್ಬರ ಹೊಲಕ್ಕೆ ಹೋಯಿತು. ಮಕ್ಕಳು ಮೊಮ್ಮಕ್ಕಳು ಹೊಸ ನೆಲ ಅರಸಿ ಮೇರಿಲ್ಯಾಂಡ್, ವರ್ಜೀನಿಯಾ, ಓಹಾಯೊ, ಇಂಡಿಯಾನಾ, ಕೆನಡಾದ ಒಂಟಾರಿಯೊಗೆ ಹೋದಾಗ ಚಾಚಿನ ಬಾರ್ನನ್ನೂ ಜೊತೆಗೊಯ್ದರು.

ಒಳಗಿನ ಮರಗೆಲಸ ಸಾವಧಾನವಾಗಿ ನೋಡಬೇಕಾದದ್ದು. ಹಳೆಯವುಗಳ ಕಂಬ ತೊಲೆಗಳು ಹೆಚ್ಚಾಗಿ ಓಕ್ ಮರದವು, ಕೊಡಲಿಯಿಂದ ನಾಲ್ಕು ಮೈ ಕೆತ್ತಿದವು. ಬೆಳಕು ಓರೆಯಾಗಿ ಬಿದ್ದರೆ ಮೈತುಂಬ ಕೊಡಲಿಯ ಬಾಯಿಯ ಕಚ್ಚುಗಳು ಎದ್ದು ಕಾಣುತ್ತವೆ. ಜೋಡಣೆಗೆ ಕಬ್ಬಿಣವಿಲ್ಲ. ಒಂದು ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ಗೂಡಿಗೆ ತೂರಿಸಿ, ಅಡ್ಡಲಾಗಿ ಮರದ ಗೂಟ ಜಡಿದರೆ ಮುಗಿಯಿತು. ಬಡಗಿಗಳು ಇಡೀ ಚೌಕಟ್ಟನ್ನು ಮೊದಲು ನೆಲದ ಮೇಲೆ ಮಲಗಿಸಿ ಜೋಡಿಸಿ ನೋಡುತ್ತಿದ್ದರು. ಯಾವ ನಾಲಿಗೆ ಯಾವ ಗೂಡಿಗೆ ಎಂದು ತಪ್ಪದಿರಲಿ ಎಂದು ಎರಡರ ಮೇಲೂ ಉಳಿಯಿಂದ ಒಂದೇ ರೋಮನ್ ಅಂಕಿ ಕಡಿದಿಡುತ್ತಿದ್ದರು. ನೇರ ಗೀಟುಗಳ ಅಂಕಿಗಳಾದ್ದರಿಂದ ಉಳಿಗೆ ಅವು ಸುಲಭ. ಇನ್ನೂರು ವರ್ಷದ ಹಿಂದಿನ ನಾಲ್ಕು ಮತ್ತು ನಾಲ್ಕು ಇಂದಿಗೂ ಒಂದಕ್ಕೊಂದು ಅಂಟಿಕೊಂಡು ಕೂತಿರುವುದನ್ನು ಬೆರಳಿನಿಂದ ಮುಟ್ಟಿ ನೋಡಬಹುದು.

ಬಾರ್ನಿನ ವಯಸ್ಸು ಹೇಳುವ ಗುರುತುಗಳು ಇನ್ನೂ ಇವೆ. ಹಲಗೆಯ ಮೇಲೆ ಒಂದರ ಪಕ್ಕ ಒಂದು ನೇರ ಗೆರೆಗಳಿದ್ದರೆ ಅದು ಮೇಲೆ ಕೆಳಗೆ ಆಡುವ ಗರಗಸದಲ್ಲಿ ಕೊಯ್ದದ್ದು; ಬಿಲ್ಲಿನಂತೆ ಬಾಗಿದ ಗೆರೆಗಳಿದ್ದರೆ ಹತ್ತೊಂಬತ್ತನೇ ಶತಮಾನದ ನಡುವಿನಿಂದ ಬಳಕೆಗೆ ಬಂದ ಚಕ್ರ ಗರಗಸದ್ದು. ಕಮ್ಮಾರ ಕೈಯಲ್ಲಿ ಬಡಿದ ಮೊಳೆ ಸುಮಾರು 1800ಕ್ಕಿಂತ ಹಿಂದಿನದು, ತಗಡಿನಿಂದ ಕತ್ತರಿಸಿದ ಚಪ್ಪಟೆ ಮೊಳೆ ಆಮೇಲಿನದು, ತಂತಿಯ ದುಂಡು ಮೊಳೆ ಸಾಮಾನ್ಯವಾದದ್ದು 1890ರ ನಂತರ. ಮೊಳೆಯೊಂದನ್ನೇ ನಂಬಿದರೆ ದುರಸ್ತಿಯ ವರ್ಷವನ್ನು ಕಟ್ಟಿದ ವರ್ಷವೆಂದು ತಿಳಿಯುವ ಅಪಾಯವಿದೆ. ಅದಕ್ಕೆ ಇಂದಿನ ಸಂಶೋಧಕರು ತೊಲೆಯಿಂದ ತೆಳ್ಳನೆಯ ಕಡ್ಡಿಯಂಥ ತುಂಡು ಕೊರೆದು ತೆಗೆದು, ಮರದ ಬೆಳವಣಿಗೆಯ ಉಂಗುರಗಳ ವಿನ್ಯಾಸವನ್ನು ಹೋಲಿಸಿ ನೋಡಿ, ಮರ ಕಡಿದ ವರ್ಷ ಗೊತ್ತುಮಾಡುತ್ತಾರೆ. ಕಲ್ಲಿನ ಬಾರ್ನ್‌ಗಳಲ್ಲಿ ಕೆಲವೊಮ್ಮೆ ಈ ಶ್ರಮ ಬೇಕಿಲ್ಲ; ಪಕ್ಕದ ಗೋಡೆಯಲ್ಲಿ ಎತ್ತರಕ್ಕೆ ಕೂರಿಸಿದ ಕಲ್ಲಿನಲ್ಲಿ ವರ್ಷವೂ, ಕಟ್ಟಿಸಿದ ಗಂಡ ಹೆಂಡತಿ ಇಬ್ಬರ ಹೆಸರೂ ಇರುತ್ತವೆ. ಜಮೀನಿನ ದುಡಿಮೆಯಲ್ಲಿ ಹೆಂಡತಿಯ ಪಾಲನ್ನು ಹೀಗೆ ಕಲ್ಲಿನಲ್ಲಿ ಒಪ್ಪಿಕೊಂಡದ್ದು ಸಣ್ಣ ಸಂಗತಿಯಲ್ಲ.

ಕಟ್ಟಡದ ನಟ್ಟನಡುವೆ ಕಣ, ದಪ್ಪ ಹಲಗೆಗಳನ್ನು ಕಾಳು ಸೋರದಂತೆ ಒತ್ತಾಗಿ ಹೊಡೆದ ನೆಲ. ಚಳಿಗಾಲದ ಹಗಲುಗಳಲ್ಲಿ ಇಬ್ಬರೋ ಮೂವರೋ ಎದುರುಬದುರು ನಿಂತು ಬಡಿಗೋಲಿನಿಂದ ಸಿವುಡು ಬಡಿಯುತ್ತಿದ್ದರು. ಉದ್ದ ಹಿಡಿಯ ತುದಿಗೆ ತೊಗಲಿನಲ್ಲಿ ಕಟ್ಟಿದ ಗಿಡ್ಡ ಕೋಲು. ಬೀಸಿ ಹೊಡೆದಾಗ ಗಿಡ್ಡ ಕೋಲು ಪೂರ್ತಿ ಅಗಲಕ್ಕೆ ತೆನೆಯ ಮೇಲೆ ಬೀಳಬೇಕು. ಒಬ್ಬನ ಏಟಿಗೆ ಇನ್ನೊಬ್ಬನ ಏಟು ತಾಳ ತಪ್ಪದೆ ಹೊಂದದಿದ್ದರೆ ತಲೆ ಒಡೆಯುತ್ತದೆ. ಗೋಧಿಯನ್ನು ಕುದುರೆಗಳಿಂದ ತುಳಿಸುವುದೂ ಇತ್ತು, ಹಂತಿ ಹೊಡೆಯುವ ಹಾಗೆಯೇ ಸುತ್ತಲೂ ನಡೆಸಿ. ರೈಯನ್ನು ಮಾತ್ರ ಬಡಿಗೋಲಿನಲ್ಲೇ ಒಕ್ಕುತ್ತಿದ್ದರು, ಯಾಕೆಂದರೆ ಮಾಡಿಗೆ ಹೊದಿಸಲು ಅದರ ಹುಲ್ಲು ಮುರಿಯದೆ ನೀಳವಾಗಿ ಸಿಗಬೇಕು. ಒಕ್ಕಿದ ಮೇಲೆ ಗಾಡಿ ಬರುವ ದೊಡ್ಡ ಬಾಗಿಲನ್ನೂ ಎದುರಿನ ಚಾಚಿನ ಗೋಡೆಯ ಸಣ್ಣ ಬಾಗಿಲನ್ನೂ ತೆರೆದಿಟ್ಟರೆ ಗಾಳಿ ಅಡ್ಡ ಹಾಯುತ್ತದೆ. ಆ ಗಾಳಿಗೆ ತೂರಿದರೆ ಹೊಟ್ಟು ಹಾರಿ ಕಾಳು ನಿಲ್ಲುತ್ತದೆ. ಆ ಸಣ್ಣ ಬಾಗಿಲು ಏಕಿದೆ ಎಂದು ಇಂದು ಕೇಳುವವರು ಬಹಳ.

ಒಳಗೆ ತುಂಬಿದ ಹುಲ್ಲು ಉಸಿರಾಡಬೇಕು. ಸರಿಯಾಗಿ ಒಣಗದೆ ಸೇರಿಸಿದ ಹುಲ್ಲಿನೊಳಗೆ ಸೂಕ್ಷ್ಮಜೀವಿಗಳು ಬೆಳೆದು ಕಾವು ಏರುತ್ತ ಏರುತ್ತ ಕೊನೆಗೆ ತಾನಾಗಿ ಬೆಂಕಿ ಹತ್ತುತ್ತದೆ. ಅದಕ್ಕೇ ಕಲ್ಲಿನ ಗೋಡೆಗಳಲ್ಲಿ ಹೊರಗೆ ಕಿರಿದಾಗಿ ಒಳಗೆ ಅಗಲವಾಗುವ ಸೀಳುಕಿಂಡಿಗಳು. ಇಲಿ ಹಿಡಿಯುವ ಗೂಬೆಗಳು ಬಂದು ಹೋಗಲೆಂದು ಮಾಡಿನ ತುದಿಯ ಹತ್ತಿರ ಬೇರೆ ಕಂಡಿ. ಯಾರ್ಕ್, ಆಡಮ್ಸ್, ಲ್ಯಾಂಕಾಸ್ಟರ್ ಕೌಂಟಿಗಳಲ್ಲಿ ಪಕ್ಕದ ಗೋಡೆಗಳನ್ನು ಇಟ್ಟಿಗೆಯಲ್ಲಿ ಕಟ್ಟಿದವರು ಗಾಳಿಗಾಗಿ ಅಲ್ಲಲ್ಲಿ ಇಟ್ಟಿಗೆ ಬಿಟ್ಟು, ಬಿಟ್ಟ ಜಾಗಗಳಿಂದಲೇ ಗೋಧಿಯ ಸಿವುಡು, ವಜ್ರದಾಕಾರ ಮೂಡಿಸಿದರು. ಮಧ್ಯಾಹ್ನ ಒಳಗೆ ನಿಂತರೆ ಹೊರಗಿನ ಬಿಸಿಲು ಆ ಸಿವುಡನ್ನು ಬೆಳಕಿನಲ್ಲಿ ಬರೆದಿರುತ್ತದೆ.

ಇಂಥದೊಂದು ಇಟ್ಟಿಗೆಯ ಬಾರ್ನ್ ಆಡಮ್ಸ್ ಕೌಂಟಿಯ ಗೆಟ್ಟಿಸ್‌ಬರ್ಗ್ ರಣಭೂಮಿಯಲ್ಲಿದೆ. 1863ರ ಜುಲೈ 1ರಿಂದ 3ರವರೆಗೆ ಅಲ್ಲಿ ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಣ ಅಂತರ್ಯುದ್ಧದ ಅತಿ ದೊಡ್ಡ ಕಾಳಗ ನಡೆಯಿತು. ಟ್ರಾಸಲ್ ಕುಟುಂಬದ ಜಮೀನಿನ ಆ ಬಾರ್ನಿನ ಗೋಡೆಗೆ ತೋಪಿನ ಗುಂಡು ಹೊಕ್ಕ ತೂತು ಮುಚ್ಚದೆ ಹಾಗೇ ಉಳಿದಿದೆ. ಸುತ್ತಲಿನ ಬಾರ್ನ್‌ಗಳು ಗಾಯಾಳುಗಳ ಆಸ್ಪತ್ರೆಗಳಾದವು. ಮರುವರ್ಷ ದಕ್ಷಿಣದ ಶೆನಾಂಡೊವಾ ಕಣಿವೆಯಲ್ಲಿ ಬಾರ್ನ್‌ಗಳೇ ಯುದ್ಧದ ಗುರಿಯಾದವು. ಪೆನ್ಸಿಲ್ವೇನಿಯಾದಿಂದ ವಲಸೆ ಹೋದ ಜರ್ಮನ್ ಕುಟುಂಬಗಳು ಬಹಳವಿದ್ದ ಆ ಕಣಿವೆ ದಕ್ಷಿಣದ ಸೈನ್ಯಕ್ಕೆ ಅನ್ನ ಕೊಡುತ್ತಿತ್ತು. ಉತ್ತರದ ಸೇನಾನಿ ಫಿಲಿಪ್ ಶೆರಿಡನ್ 1864ರ ಅಕ್ಟೋಬರ್ 7ರಂದು ಬರೆದ ವರದಿಯಲ್ಲಿ ಗೋಧಿ, ಹುಲ್ಲು, ಬೇಸಾಯದ ಸಲಕರಣೆ ತುಂಬಿದ್ದ 2000ಕ್ಕೂ ಹೆಚ್ಚು ಬಾರ್ನ್‌ಗಳನ್ನು ನಾಶ ಮಾಡಿರುವುದಾಗಿ ತಿಳಿಸಿದ. ಧರ್ಮದ ಕಾರಣಕ್ಕೆ ಯುದ್ಧ ಒಲ್ಲದ ಮೆನೊನೈಟರ ಬಾರ್ನ್‌ಗಳೂ ಅದರಲ್ಲಿ ಸುಟ್ಟವು. ಇಂದು ಆ ಕಣಿವೆಯಲ್ಲಿ 1864ಕ್ಕಿಂತ ಹಳೆಯದೊಂದು ಬಾರ್ನ್ ಕಂಡರೆ, ಅದು ಉಳಿದದ್ದು ಹೇಗೆಂಬ ಕಥೆ ಆ ಮನೆಯವರ ಬಳಿ ಇದ್ದೇ ಇರುತ್ತದೆ.

ಬೆಂಕಿ ಶಾಂತಿಕಾಲದಲ್ಲೂ ಬಿಟ್ಟದ್ದಿಲ್ಲ. ಸಿಡಿಲು ಒಂದು, ಹಸಿ ಹುಲ್ಲು ಇನ್ನೊಂದು, ಲಾಟೀನು ಮತ್ತೊಂದು. ಬಾರ್ನ್ ಹೋದರೆ ಒಂದೇ ರಾತ್ರಿಯಲ್ಲಿ ಬೆಳೆ, ಮೇವು, ದನ, ಸಲಕರಣೆ ಎಲ್ಲ ಹೋದಂತೆ. ನೆರೆಹೊರೆಯವರೆಲ್ಲ ಕೂಡಿ ಮತ್ತೆ ಎಬ್ಬಿಸಿಕೊಡುವ ಪದ್ಧತಿ ಹುಟ್ಟಿದ್ದು ಈ ಭಯದಿಂದ, ಮತ್ತು ಹತ್ತಾರು ಕೈಗಳಿಲ್ಲದೆ ಓಕ್ ಚೌಕಟ್ಟು ಮೇಲೇಳುವುದಿಲ್ಲ ಎಂಬ ಸರಳ ಕಾರಣದಿಂದ. ಬಡಗಿ ವಾರಗಟ್ಟಲೆ ಮೊದಲೇ ಎಲ್ಲ ತುಂಡು ಕೆತ್ತಿ ಸಿದ್ಧ ಮಾಡಿರುತ್ತಾನೆ. ಗೊತ್ತಾದ ದಿನ ಬೆಳಗ್ಗೆ ಊರ ಗಂಡಸರು ಸಾಲಾಗಿ ನಿಂತು, ಮಲಗಿಸಿದ ಚೌಕಟ್ಟನ್ನು ಒಂದೇ ಕೂಗಿಗೆ ಕೈಯಿಂದ ಎದೆಗೆ, ಎದೆಯಿಂದ ಕವೆಗೋಲಿಗೆ ಏರಿಸಿ ನಿಲ್ಲಿಸುತ್ತಾರೆ. ಹೆಂಗಸರು ನೂರಾರು ಜನರಿಗೆ ಅಡುಗೆ ಮಾಡುತ್ತಾರೆ. ಬೇರೆಯವರಲ್ಲಿ ವಿಮೆ ಬಂದಂತೆ ಈ ಪದ್ಧತಿ ಕಳೆದುಹೋಯಿತು. ಪರಸ್ಪರ ನೆರವನ್ನೇ ನೆಚ್ಚಿರುವ ಆಮಿಶರಲ್ಲಿ ಇಂದಿಗೂ ಸುಟ್ಟ ಬಾರ್ನಿನ ಬೂದಿ ಆರುವ ಮುಂಚೆಯೇ ಹೊಸದಕ್ಕೆ ಮರ ಬಂದು ಬೀಳುತ್ತದೆ.

ಪ್ರವಾಸಿಗರು ಹೆಚ್ಚು ಕೇಳುವುದು ಬಾರ್ನ್‌ಗಳ ಮೇಲಿನ ಬಣ್ಣದ ನಕ್ಷತ್ರಗಳ ಬಗ್ಗೆ. ಬರ್ಕ್ಸ್, ಲೀಹೈ ಮತ್ತು ಸುತ್ತಲಿನ ಕೌಂಟಿಗಳಲ್ಲಿ ಕೆಂಪು ಗೋಡೆಯ ಮೇಲೆ ದೊಡ್ಡ ವೃತ್ತದೊಳಗೆ ಆರು, ಎಂಟು, ಹನ್ನೆರಡು ಮೂಲೆಗಳ ನಕ್ಷತ್ರಗಳಿರುತ್ತವೆ. ಲೇಖಕ ವಾಲೇಸ್ ನಟ್ಟಿಂಗ್ 1924ರ ‘ಪೆನ್ಸಿಲ್ವೇನಿಯಾ ಬ್ಯೂಟಿಫುಲ್’ ಪುಸ್ತಕದಲ್ಲಿ ಇವು ಮಾಟಮಂತ್ರ ತಡೆಯಲು ಬರೆದವು ಎಂಬರ್ಥದ ಮಾತು ಹಾಕಿದ ಮೇಲೆ ‘ಹೆಕ್ಸ್ ಸೈನ್’ ಎಂಬ ಹೆಸರು ಹಬ್ಬಿತು; ದೃಷ್ಟಿಬೊಟ್ಟಿನಂಥದು ಎಂದು ಎಲ್ಲರೂ ನಂಬಿದರು. ಊರಿನ ರೈತರು ಮಾತ್ರ ಅವನ್ನು ನಕ್ಷತ್ರ, ಹೂವು ಎಂದೇ ಕರೆಯುತ್ತಿದ್ದರು. ಜಾನಪದ ವಿದ್ವಾಂಸ ಆಲ್‌ಫ್ರೆಡ್ ಶೂಮೇಕರ್ ಇವು ಬರಿಯ ಅಂದಕ್ಕೆ ಎಂದು ವಾದಿಸಿದರು. ಪೆಟ್ಟಿಗೆ, ಜನನ-ದೀಕ್ಷಾಸ್ನಾನದ ಪತ್ರ, ಗೋರಿಕಲ್ಲುಗಳ ಮೇಲೆ ಮೊದಲೇ ಇದ್ದ ಚಿತ್ರಗಳು, ಬಣ್ಣ ಅಗ್ಗವಾದ ಹತ್ತೊಂಬತ್ತನೇ ಶತಮಾನದಲ್ಲಿ ಬಾರ್ನಿನ ಮೇಲೆ ಏರಿದವು ಎಂಬ ವಿವರಣೆ ಹೆಚ್ಚು ಒಪ್ಪುವಂಥದು. ಆಮಿಶರ ಬಾರ್ನ್‌ಗಳಲ್ಲಿ ಇವು ಇರುವುದೇ ಇಲ್ಲ; ಅವರದು ಹೆಚ್ಚಾಗಿ ಬಿಳಿ ಬಣ್ಣ, ಚಿತ್ರವಿಲ್ಲ. ಅಂಗಡಿಗಳಲ್ಲಿ ಆಮಿಶ್ ಚಿಹ್ನೆಯೆಂದು ಮಾರುವ ತಟ್ಟೆಗಳು ಇಪ್ಪತ್ತನೇ ಶತಮಾನದ ಪ್ರವಾಸೋದ್ಯಮದ ಸರಕು. ಇನ್ನು ಬಾರ್ನಿನ ಕೆಂಪು, ಅಗಸೆ ಎಣ್ಣೆಗೆ ಕೆಮ್ಮಣ್ಣಿನ ಕಬ್ಬಿಣದಂಶ ಬೆರೆಸಿದ್ದು; ಅಗ್ಗ, ಮರಕ್ಕೂ ಒಳ್ಳೆಯದು.

ಬಾರ್ನ್‌ನ ಕೆಲಸಗಳು ಒಂದೊಂದಾಗಿ ಕಳಚಿದ್ದು ಸುಮಾರು ನೂರು ವರ್ಷಗಳಲ್ಲಿ. ಒಕ್ಕುವ ಯಂತ್ರ ಬಂದು ಬಡಿಗೋಲು ಮೂಲೆ ಸೇರಿತು. 1867ರಲ್ಲಿ ಅಯೊವಾದ ವಿಲಿಯಂ ಲೌಡನ್ ಮಾಡಿನ ಏಣಿಗೆ ಕಂಬಿ ಹೊಡೆದು ಹುಲ್ಲನ್ನು ಎತ್ತಿ ಒಯ್ಯುವ ಸಾಧನಕ್ಕೆ ಪೇಟೆಂಟ್ ಪಡೆದ. ಹಳೆಯ ಬಾರ್ನ್‌ಗಳ ಒಳಮಾಡಿನಲ್ಲಿ ಆ ಕಂಬಿ, ಕೊಕ್ಕೆಗಳು ಇನ್ನೂ ನೇತಾಡುತ್ತಿವೆ. 1873ರಲ್ಲಿ ಇಲಿನಾಯ್‌ನಲ್ಲಿ ಫ್ರೆಡ್ ಹ್ಯಾಚ್ ಮೊದಲ ನಿಲುವು ಸೈಲೋ ಕಟ್ಟಿದ ಮೇಲೆ ಹಸಿ ಮೇವನ್ನು ಹುಳಿಯಿಸಿ ಇಡುವುದು ಹಬ್ಬಿತು, ಬಾರ್ನ್ ಪಕ್ಕ ಗೋಪುರ ಎದ್ದಿತು. ಕಂಬೈನ್ ಯಂತ್ರ ಹೊಲದಲ್ಲೇ ಕೊಯ್ದು ಒಕ್ಕತೊಡಗಿದಾಗ ಒಳಗಣ ಕಣಕ್ಕೆ ಕೆಲಸವೇ ಉಳಿಯಲಿಲ್ಲ. ಒತ್ತಿ ಕಟ್ಟಿದ ಹುಲ್ಲಿನ ಪಿಂಡಿಗಳ ಭಾರಕ್ಕೆ, ಬಿಡಿ ಹುಲ್ಲು ಹೊರಲೆಂದು ಮಾಡಿದ ತೊಲೆಗಳು ಬಾಗಿದವು. ಹಾಲಿನ ಶುಚಿತ್ವದ ನಿಯಮಗಳು ಸಿಮೆಂಟ್ ನೆಲ ಕೇಳಿದವು. ಟ್ರ್ಯಾಕ್ಟರು ಬಂದು ಕುದುರೆ ಲಾಯ ಬರಿದಾಯಿತು. ಲ್ಯಾಂಕಾಸ್ಟರಿನಲ್ಲಿ ಮಾತ್ರ ಇನ್ನೊಂದು ಬಗೆಯ ಬಾರ್ನ್ ಬಹುಕಾಲ ಬಳಕೆಯಲ್ಲಿತ್ತು: ಸಿಗಾರ್ ತಂಬಾಕಿನ ಎಲೆ ಒಣಗಿಸುವ ಉದ್ದನೆಯ ಕಟ್ಟಡ. ಅದರ ಪಕ್ಕದ ಗೋಡೆಯ ಹಲಗೆಗಳಿಗೆ ತಿರುಗಣಿ ಇರುತ್ತದೆ. ಹವೆ ನೋಡಿ ತೆರೆಯುವುದು, ಮುಚ್ಚುವುದು.

2007ರ ಅಮೆರಿಕದ ಕೃಷಿ ಗಣತಿ, 1960ಕ್ಕಿಂತ ಮೊದಲು ಕಟ್ಟಿದ ಬಾರ್ನ್ ಇದೆಯೇ ಎಂದು ಮೊದಲ ಬಾರಿಗೆ ರೈತರನ್ನು ಕೇಳಿತು. ಆರು ಲಕ್ಷಕ್ಕೂ ಹೆಚ್ಚು ಜಮೀನುಗಳಿಂದ ಹೌದೆಂಬ ಉತ್ತರ ಬಂತು. ಉಳಿಸುವ ಪ್ರಯತ್ನ ಅದಕ್ಕೂ ಮೊದಲೇ ಶುರುವಾಗಿತ್ತು. 1987ರಲ್ಲಿ ರಾಷ್ಟ್ರೀಯ ಪರಂಪರೆ ಸಂರಕ್ಷಣಾ ಟ್ರಸ್ಟ್ ಮತ್ತು ‘ಸಕ್ಸೆಸ್‌ಫುಲ್ ಫಾರ್ಮಿಂಗ್’ ಪತ್ರಿಕೆ ‘ಬಾರ್ನ್ ಅಗೇನ್’ ಕಾರ್ಯಕ್ರಮ ಆರಂಭಿಸಿ, ಹಳೆಯದನ್ನು ಇಂದಿನ ಬೇಸಾಯಕ್ಕೆ ಒಗ್ಗಿಸಿಕೊಳ್ಳುವುದು ಹೇಗೆಂದು ರೈತರಿಗೆ ತಿಳಿಸಿದವು. ಬರ್ಕ್ಸ್ ಕೌಂಟಿಯ ಓಲಿ ಟೌನ್‌ಶಿಪ್ ಇಡಿಯಾಗಿ 1983ರಲ್ಲಿ ರಾಷ್ಟ್ರೀಯ ಪರಂಪರೆ ಪಟ್ಟಿಗೆ ಸೇರಿತ್ತು. ಒಂದೇ ಕಣಿವೆಯಲ್ಲಿ ಹಲವು ಕಾಲದ ಬಾರ್ನ್‌ಗಳನ್ನು ಹೊಲಗಳ ಸಮೇತ ನೋಡಲು ಅದು ಒಳ್ಳೆಯ ಜಾಗ. ಲ್ಯಾಂಕಾಸ್ಟರಿನಲ್ಲಿ ಲ್ಯಾಂಡಿಸ್ ಸೋದರರು 1925ರಲ್ಲಿ ತೆರೆದ ಲ್ಯಾಂಡಿಸ್ ವ್ಯಾಲಿ ಸಂಗ್ರಹಾಲಯದಲ್ಲಿ ಬಡಿಗೋಲು, ಕೊಂಗಿನಿಂದ ಹಿಡಿದು ಕೊನೆಸ್ಟೋಗಾ ಗಾಡಿಯವರೆಗೆ ಸಲಕರಣೆಗಳಿವೆ. ಇನ್ನೊಂದೆಡೆ, ಹೋಟೆಲು ಮನೆಗಳ ಒಳಗೋಡೆಗೆ ಹಳೆ ಹಲಗೆ ಬೇಕೆನ್ನುವವರ ಬೇಡಿಕೆಗೆ ಗಟ್ಟಿಮುಟ್ಟಾದ ಬಾರ್ನ್‌ಗಳೂ ಬಿಚ್ಚಿಹೋಗುತ್ತಿವೆ.

ಲ್ಯಾಂಕಾಸ್ಟರಿನ ಆಮಿಶ್ ಜಮೀನುಗಳಲ್ಲಿ ಬಾರ್ನ್ ಇನ್ನೂ ದುಡಿಯುತ್ತಿದೆ. ಉಳುವುದು ಹೇಸರಗತ್ತೆಗಳಿಂದ, ಆದ್ದರಿಂದ ಕೆಳಗಿನ ಲಾಯ ತುಂಬಿದೆ; ಹುಲ್ಲು ಏರಿಯ ಮೇಲಿಂದಲೇ ಒಳಗೆ ಬರುತ್ತದೆ. ಆಮಿಶರಿಗೆ ಚರ್ಚಿನ ಕಟ್ಟಡವಿಲ್ಲ. ಪ್ರಾರ್ಥನೆ ಸರದಿಯ ಮೇಲೆ ಒಬ್ಬೊಬ್ಬರ ಜಮೀನಿನಲ್ಲಿ, ಮನೆಯಲ್ಲೋ ಬಾರ್ನ್‌ನಲ್ಲೋ ನಡೆಯುತ್ತದೆ. ಬಾರ್ನ್‌ನ ಸರದಿ ಬಂದಾಗ ಮನೆಯವರು ಕಣದ ಹಲಗೆ ಗುಡಿಸಿ ತೊಳೆದು ಇಡುತ್ತಾರೆ. ಬೆಂಚುಗಳು ಅವಕ್ಕೆಂದೇ ಇರುವ ಗಾಡಿಯಲ್ಲಿ ಬರುತ್ತವೆ.